ಶೀರಾಝ್‌ನಿಂದ ಬಂದ ಕುದುರೆ ವ್ಯಾಪಾರಿ

ದಿವಾನ್ ಸರ್ ಮಿರ್ಝಾ ಇಸ್ಮಾಈಲರ ಹೆಸರು ಕೇಳದವರು ನಮ್ಮಲ್ಲಿ ವಿರಳ. ಅವರ ಅಜ್ಜ ಆಗಾ ಅಲಿ ಅಸ್ಕರ್‌ರನ್ನು ಬಲ್ಲವರೆಷ್ಟು ಮಂದಿ?

ಇರಾನಿನ ಶೀರಾಝ್‌ನ ಈ ತರುಣ 1824ರಲ್ಲಿ ಕುದುರೆಗಳೊಡನೆ ಬೆಂಗಳೂರು ತಲುಪಿದರು. ಅದೇ ವರ್ಷ ಬ್ರಿಟಿಷರು ಬರ್ಮಾದೊಡನೆ ಯುದ್ಧಕ್ಕಿಳಿದಿದ್ದರು. ದಂಡಿನ ಸೈನ್ಯಕ್ಕೆ ಒಳ್ಳೆಯ ಕುದುರೆಗಳು ಬೇಕಿದ್ದವು. ಕುದುರೆಯ ದೋಷ ಮರೆಮಾಚಿ ಮಾರುವುದು ಆ ವ್ಯಾಪಾರದಲ್ಲಿ ಕಷ್ಟವೇನಲ್ಲ. ಆದರೆ ಅರಬೀ ಕುದುರೆಗಳನ್ನು ಚೆನ್ನಾಗಿ ಬಲ್ಲ ಕಮೀಷನರ್ ಮಾರ್ಕ್ ಕಬ್ಬನ್ ಇವರ ಸ್ನೇಹಿತರಾದರು. ಮುಮ್ಮಡಿ ಕೃಷ್ಣರಾಜ ಒಡೆಯರೂ ಇವರಿಂದ ಕುದುರೆ ಕೊಂಡರು.

ಸೈನ್ಯವನ್ನೇ ನೆಚ್ಚಿದ ವ್ಯಾಪಾರ ಎಷ್ಟು ದಿನ ನಡೆದೀತು? ಅವರು ಗಾರೆ-ಇಟ್ಟಿಗೆಗೂ ಕೈಹಾಕಿ, ದಂಡುಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಹುಟ್ಟೂರಿಗೆ ಮರಳಿ ನೆಲೆಸಲಿಲ್ಲ. 1891ರಲ್ಲಿ ತೀರಿಕೊಂಡಾಗ ಮೊಮ್ಮಗ ಇಸ್ಮಾಈಲ್ ಇನ್ನೂ ಬಾಲಕ. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಮೈಸೂರಿನ ದಿವಾನರಾಗಿದ್ದವರು ಅದೇ ಮೊಮ್ಮಗ. ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇಂದಿಗೂ ಇದೆ.