ರಾಷ್ಟ್ರಕವಿ ಗೋವಿಂದ ಪೈ

ಮಕ್ಕಳೇ, ಸೋಮನೂರು ಎಂಬ ಊರಿನ ಹೆಸರು ಕೇಳಿದ್ದೀರಾ? ತಿರುಪ್ಪೂರಿನಿಂದ ಕೊಯಮತ್ತೂರಿಗೆ ಹೋಗುವ ರೈಲು ದಾರಿಯಲ್ಲಿ ಅದು ಸಿಗುತ್ತದೆ. ಅಲ್ಲಿ ವಿದ್ಯುತ್ ಮಗ್ಗಗಳದೇ ಸದ್ದು. ಆ ಕಡೆಯ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಮಾತನಾಡುತ್ತಾರೆ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಕನ್ನಡ ನಾಡಿನಿಂದ ಬಂದವರು. ಮನೆಯಲ್ಲಿ ಅಜ್ಜಿ ಮಗ್ಗ ಎನ್ನುತ್ತಾಳೆ. ಬೀದಿಗೆ ಬಂದರೆ ಅದೇ ಮಗ್ಗಕ್ಕೆ ತರಿ ಎನ್ನಬೇಕು. ಮಗುವಿಗೆ ಎರಡೂ ಗೊತ್ತು. ಆದರೆ ಓದು ಬರಹವೆಲ್ಲ ತಮಿಳಿನಲ್ಲಿಯೇ ನಡೆಯುವುದರಿಂದ ಮನೆಯ ಮಾತನ್ನು ಬರೆಯಲು ಬಹಳ ಮಂದಿಗೆ ಬರುವುದಿಲ್ಲ. ತಾಳವಾಡಿಯಲ್ಲೋ ಹೊಸೂರಿನ ಕಡೆಯಲ್ಲೋ ಕನ್ನಡ ಶಾಲೆಯಲ್ಲಿ ಕುಳಿತು ಈ ಪಾಠ ಓದುತ್ತಿರುವ ನಿಮಗೆ ಆ ಅನುಕೂಲ ಇದೆ.

ನೀವು ಯಾವ ಭಾಷೆಯವರು, ಯಾವ ನಾಡಿನವರು ಎಂದು ನಿಮ್ಮನ್ನು ಯಾರಾದರೂ ಕೇಳಿರಬಹುದು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದ ಒಬ್ಬ ದೊಡ್ಡ ಕವಿ ಇದ್ದರು. ಅವರೇ ಮಂಜೇಶ್ವರದ ಗೋವಿಂದ ಪೈ.

ಗೋವಿಂದ ಪೈಗಳು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ ಹುಟ್ಟಿದರು. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಗಳೂರಿನಿಂದ ಸುಮಾರು 20 ಕಿಲೋಮೀಟರು ತೆಂಕಣಕ್ಕೆ, ಕಡಲ ಹತ್ತಿರ ಇರುವ ಮಂಜೇಶ್ವರ ಅವರ ಊರು. ಅವರ ಮನೆಯ ಮಾತು ಕೊಂಕಣಿ. ಅಂಗಳ ದಾಟಿದರೆ ತುಳು. ಶಾಲೆಯಲ್ಲಿ ಕನ್ನಡ. ಇನ್ನೂ ತೆಂಕಣಕ್ಕೆ ಹೋದರೆ ಮಲಯಾಳ. ಕಾಸರಗೋಡಿನ ಆ ಸೀಮೆಯನ್ನು ಏಳು ಭಾಷೆಗಳ ನಾಡು ಎಂದು ಜನ ಕರೆಯುತ್ತಾರೆ. ಅಲ್ಲಿನ ಮಕ್ಕಳು ಮೂರು ನಾಲ್ಕು ಭಾಷೆಗಳನ್ನು ಆಟವಾಡುತ್ತಲೇ ಕಲಿತುಬಿಡುತ್ತಾರೆ.

ಮಂಗಳೂರಿನಲ್ಲಿ ಓದುವಾಗ ಗೋವಿಂದನಿಗೆ ಪಂಜೆ ಮಂಗೇಶರಾಯರು ಗುರುಗಳಾಗಿ ಸಿಕ್ಕಿದರು. ನಾಗರಹಾವಿನ ಹಾಡು ಬರೆದ ಪಂಜೆಯವರೇ! ಅವರ ಮನೆಮಾತು ಸಹ ಕೊಂಕಣಿ. ಆದರೂ ಮಕ್ಕಳಿಗಾಗಿ ಅವರು ಕನ್ನಡದಲ್ಲಿ ಬರೆದರು. ಅಂಥ ಗುರುಗಳ ಶಿಷ್ಯನೂ ಕನ್ನಡದಲ್ಲಿಯೇ ಬರೆಯತೊಡಗಿದ.

ಮುಂದೆ ಕಾಲೇಜು ಓದಲು ಗೋವಿಂದ ಪೈಗಳು ಮದರಾಸಿಗೆ, ಅಂದರೆ ಇಂದಿನ ಚೆನ್ನೈಗೆ ಬಂದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ತರಗತಿಗೆ ಸೇರಿದರು. ಕೊನೆಯ ಪರೀಕ್ಷೆ ಬಂತು. ಇಂಗ್ಲಿಷ್ ಪರೀಕ್ಷೆ ಬರೆದಾಗಿತ್ತು, ಉಳಿದವು ಬಾಕಿ ಇದ್ದವು. ಆಗ ತಂದೆಗೆ ಕಾಯಿಲೆ ಎಂಬ ಸುದ್ದಿ ಊರಿನಿಂದ ಬಂತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಪೈಗಳು ಪರೀಕ್ಷೆ ಬಿಟ್ಟು ಊರಿಗೆ ಹೊರಟರು. ತಂದೆ ಉಳಿಯಲಿಲ್ಲ. ಮನೆಯ ಹೊಣೆ ಹಿರಿಯ ಮಗನ ಹೆಗಲಿಗೆ ಬಂತು. ಬರೆದಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಅವರಿಗೆ ಚಿನ್ನದ ಪದಕ ಬಂತು, ಬಿ.ಎ. ಪದವಿ ಮಾತ್ರ ಕೊನೆಗೂ ಬರಲಿಲ್ಲ. ಹೆಸರಿನ ಮುಂದೆ ಪದವಿ ಇಲ್ಲದ ಈ ಮನುಷ್ಯನ ಹತ್ತಿರ ಮುಂದೆ ದೊಡ್ಡ ದೊಡ್ಡ ಪಂಡಿತರು ಸಂದೇಹ ಕೇಳಲು ಬರುತ್ತಿದ್ದರು.

ಮಂಜೇಶ್ವರದ ಮನೆಯಲ್ಲಿ ಪೈಗಳು ಪುಸ್ತಕಗಳ ನಡುವೆಯೇ ಬದುಕಿದರು. ಸಂಸ್ಕೃತ, ಪಾಳಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಹೀಗೆ ಒಂದಾದ ಮೇಲೊಂದು ಭಾಷೆ ಕಲಿತರು. ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯವಿತ್ತು. ಎರಡು ಭಾಷೆ ಕಲಿಯುವುದೇ ಕಷ್ಟ ಎಂದು ಗೊಣಗುವ ಮಕ್ಕಳನ್ನು ಕಂಡಾಗ ನನಗೆ ಪೈಗಳ ನೆನಪಾಗುತ್ತದೆ.

ಅವರು ಮಾಡಿದ ಒಂದು ಧೈರ್ಯದ ಕೆಲಸವನ್ನು ನೀವು ತಿಳಿಯಬೇಕು. ಹಿಂದೆ ಕನ್ನಡದಲ್ಲಿ ಪದ್ಯ ಬರೆಯುವವರು ಪ್ರಾಸ ಎಂಬ ಕಟ್ಟಳೆಯನ್ನು ಪಾಲಿಸಬೇಕಿತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಮೊದಲ ಸಾಲು ಮರ ಎಂದು ಶುರುವಾದರೆ ಮುಂದಿನ ಸಾಲುಗಳು ಕರೆ, ತೊರೆ ಎಂಬಂಥ ಪದಗಳಿಂದ ಶುರುವಾಗಬೇಕು. ಕವಿಗೆ ಹೇಳಬೇಕಾದದ್ದು ಹೂವಿನ ವಿಷಯವಾಗಿದ್ದರೂ ಅವನು ರಕಾರವನ್ನೇ ಹುಡುಕುತ್ತಾ ಕೂರಬೇಕು! ಸುಮಾರು 1911ರಲ್ಲಿ ಗೋವಿಂದ ಪೈಗಳು ಈ ಕಟ್ಟಳೆಯನ್ನು ಬಿಟ್ಟು ಪದ್ಯ ಬರೆದರು. ಹಳೆಯ ಪಂಡಿತರಿಗೆ ಇದು ಹಿಡಿಸಲಿಲ್ಲ. ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎಂದು ಆಕ್ಷೇಪ ಮಾಡಿದರು. ಪೈಗಳು ಹಿಂದೆಗೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಹೊಸ ಕವಿಗಳು ಅದೇ ದಾರಿಯಲ್ಲಿ ನಡೆದರು. ಇಂದು ನೀವು ಓದುವ ಹೊಸಗನ್ನಡದ ಪದ್ಯಗಳನ್ನು ತೆರೆದು ಸಾಲುಗಳ ಎರಡನೆಯ ಅಕ್ಷರ ನೋಡಿ, ನಿಮಗೇ ತಿಳಿಯುತ್ತದೆ.

ಅವರ ಮೊದಲ ಕವನ ಸಂಕಲನ ಗಿಳಿವಿಂಡು 1930ರಲ್ಲಿ ಅಚ್ಚಾಯಿತು. ಗಿಳಿವಿಂಡು ಎಂದರೆ ಗಿಳಿಗಳ ಹಿಂಡು. ಯೇಸುಕ್ರಿಸ್ತನ ಕೊನೆಯ ದಿನವನ್ನು ಕುರಿತು ಅವರು ಗೊಲ್ಗೊಥಾ ಎಂಬ ಕಾವ್ಯ ಬರೆದರು. ಬುದ್ಧನ ಕೊನೆಯ ದಿನವನ್ನು ಕುರಿತು ವೈಶಾಖಿ ಎಂಬ ಕಾವ್ಯ ಬರೆದರು. ಹೆಬ್ಬೆರಳು ಎಂಬ ನಾಟಕದ ಕಥೆ ಯಾರದ್ದೆಂದು ಹೆಸರಿನಿಂದಲೇ ಊಹಿಸಬಲ್ಲಿರಾ? ಹೌದು, ಏಕಲವ್ಯನದ್ದು. ದೂರದ ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು. ಅವರ ಕನ್ನಡ ಸುಲಭವಲ್ಲ. ಹಳೆಯ ಪದಗಳು, ಅವರೇ ಕಟ್ಟಿದ ಹೊಸ ಪದಗಳು ತುಂಬಿರುತ್ತವೆ. ನಾನು ಇಂದಿಗೂ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಅವರ ಕಾವ್ಯ ಓದುವುದು.

ಪೈಗಳು ಇತಿಹಾಸವನ್ನೂ ಹುಡುಕಿದರು. ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿ ಒಂದು ಹಳೆಯ ಗ್ರೀಕ್ ನಾಟಕದ ಹಾಳೆಗಳು ಸಿಕ್ಕಿದ್ದವು. ಅದರಲ್ಲಿ ಭಾರತದ ಕಡಲತೀರದ ಪಾತ್ರಗಳು ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತನಾಡುತ್ತವೆ. ಆ ಮಾತು ಕನ್ನಡವೇ ಎಂದು ವಾದಿಸಿದವರಲ್ಲಿ ಪೈಗಳೂ ಒಬ್ಬರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ.

1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಗೌರವ ದೊರೆಯಿತು. ಕನ್ನಡದ ಕವಿಗಳಲ್ಲಿ ಈ ಗೌರವ ಮೊದಲು ಬಂದದ್ದು ಅವರಿಗೆ. ಅದನ್ನು ಕೊಟ್ಟವರು ಯಾರು ಗೊತ್ತೇ? ಮದರಾಸು ಸರ್ಕಾರ. ಆಗ ಮಂಜೇಶ್ವರವೂ ಸೋಮನೂರೂ ಒಂದೇ ರಾಜ್ಯದಲ್ಲಿದ್ದವು! 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

1956ರ ನವೆಂಬರ್ 1ರಂದು ಭಾಷೆಗಳಿಗೆ ಅನುಸಾರವಾಗಿ ರಾಜ್ಯಗಳನ್ನು ಹೊಸದಾಗಿ ರಚಿಸಿದರು. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಮಂಜೇಶ್ವರವನ್ನೊಳಗೊಂಡ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಕಾಸರಗೋಡು ಕನ್ನಡ ನಾಡಿನ ಜೊತೆ ಇರಬೇಕೆಂದು ಬಯಸಿದ್ದ ಪೈಗಳಿಗೆ ಇದರಿಂದ ತುಂಬಾ ನೋವಾಯಿತು. ಅವರು ಮನೆ ಬದಲಾಯಿಸಿರಲಿಲ್ಲ, ಬದಲಾದದ್ದು ಗಡಿ. ಯೂರೋಪಿನಲ್ಲಿ ಸೈಲೀಷಿಯಾ ಎಂಬ ಸೀಮೆಯಿದೆ. ಅಲ್ಲಿನ ಮನೆಮಾತು ಸೈಲೀಷಿಯನ್. 1922ರಲ್ಲಿ ಅದರ ಒಂದು ಭಾಗವನ್ನು ಜರ್ಮನಿಗೂ ಪೋಲೆಂಡಿಗೂ ಹಂಚಿದಾಗ ಅಲ್ಲಿನ ಹಳ್ಳಿಗರಿಗೂ ಹೀಗೆಯೇ ಆಯಿತು. ತಮ್ಮ ಮಾತು ಪೋಲಿಷ್ ಭಾಷೆಯ ಒಂದು ಬಗೆಯೋ ಬೇರೆಯೇ ಒಂದು ಭಾಷೆಯೋ ಎಂಬ ಚರ್ಚೆ ಅವರಲ್ಲಿ ಇಂದಿಗೂ ಇದೆ.

ಪೈಗಳು ಊರು ಬಿಟ್ಟು ಹೋಗಲಿಲ್ಲ. ಮಂಜೇಶ್ವರದ ಮನೆಯಲ್ಲಿಯೇ ಓದುತ್ತಾ ಬರೆಯುತ್ತಾ ಇದ್ದರು. 1963ರ ಸೆಪ್ಟೆಂಬರ್ 6ರಂದು, 80ನೆಯ ವಯಸ್ಸಿನಲ್ಲಿ ತೀರಿಕೊಂಡರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಇಂದಿಗೂ ಅಲ್ಲಿ ಕನ್ನಡ ಶಾಲೆಗಳಿವೆ, ಅಲ್ಲಿನ ಮಕ್ಕಳಿಗೆ ಕನ್ನಡ ಪುಸ್ತಕಗಳನ್ನು ಕೇರಳ ಸರ್ಕಾರ ಅಚ್ಚು ಹಾಕಿಸುತ್ತದೆ.

ಪೈಗಳು ಕೂಡಿಟ್ಟ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋದವು. 1980ರಲ್ಲಿ ಮಂಜೇಶ್ವರದಲ್ಲಿ ಅವರ ಹೆಸರಿನ ಸರ್ಕಾರಿ ಕಾಲೇಜು ಆರಂಭವಾಯಿತು. ಅವರು ಬಾಳಿದ ಮನೆಯ ಆವರಣ ಈಗ ಗಿಳಿವಿಂಡು ಎಂಬ ಹೆಸರಿನ ಸ್ಮಾರಕವಾಗಿದೆ. ನೀವು ಅದನ್ನು ನೋಡಬಹುದು. ಚೆನ್ನೈನಿಂದ ಮಂಗಳೂರಿಗೆ ಹೋಗುವ ರೈಲು ಸೋಮನೂರನ್ನು ದಾಟಿ, ಪಾಲಕ್ಕಾಡು ಕಳೆದು ಕಡಲ ಕಡೆಗೆ ತಿರುಗುತ್ತದೆ. ಚಂದ್ರಗಿರಿ ಹೊಳೆಯ ಸೇತುವೆ ದಾಟಿದ ಮೇಲೆ ಕಾಸರಗೋಡು, ಕುಂಬಳೆ, ಉಪ್ಪಳ. ಆಮೇಲೆ ಬರುವುದೇ ಮಂಜೇಶ್ವರ.