ಪ್ರವಚನಪೀಠದಿಂದ ಆಟದಂಗಳಕ್ಕೆ: ಜೇಮ್ಸ್ ನೈಸ್ಮಿತ್

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ನಮ್ಮ ಕುಟುಂಬಗಳಲ್ಲಿ ಮಕ್ಕಳು ಸಂಜೆ ಆಟ ಮುಗಿಸಿ ತಡವಾಗಿ ಮನೆ ಸೇರಿದರೆ ಹಿರಿಯರು ಮುಖ ಗಂಟಿಕ್ಕುವುದುಂಟು. ಓದಿಗೂ ಜಪಸರ ಪ್ರಾರ್ಥನೆಗೂ ಆಟವೇ ಅಡ್ಡಿಯೆಂಬ ದೂರು ನಮ್ಮಲ್ಲಿ ಹಳೆಯದು. ಬಾಸ್ಕೆಟ್‌ಬಾಲ್ ಆಟವನ್ನು ಲೋಕಕ್ಕೆ ಕೊಟ್ಟ ಜೇಮ್ಸ್ ನೈಸ್ಮಿತ್ ಅವರೂ ಈ ದೂರನ್ನು ಕೇಳಿದವರೇ.

ಅವರು 1861ರ ನವೆಂಬರ್ 6ರಂದು ಕೆನಡಾದ ಆಲ್ಮಾಂಟ್ ಬಳಿ ಜನಿಸಿದರು. ಬಾಲ್ಯದಲ್ಲಿಯೇ ತಂದೆತಾಯಿಯರು ವಿಷಮಶೀತಜ್ವರಕ್ಕೆ ತುತ್ತಾದುದರಿಂದ ಸೋದರಮಾವನ ಆಶ್ರಯದಲ್ಲಿ ಬೆಳೆದರು. ಅವರು ಕಥೋಲಿಕರಲ್ಲ, ಪ್ರೆಸ್ಬಿಟೇರಿಯನ್ ಪಂಥದವರು. ಮಾಂಟ್ರಿಯಲ್‌ನಲ್ಲಿ ದೈವಶಾಸ್ತ್ರ ಓದುತ್ತಲೇ ರಗ್ಬಿ ಆಡುತ್ತಿದ್ದ ಈ ಯುವಕನ ಆತ್ಮರಕ್ಷಣೆಗಾಗಿ ಸಹಪಾಠಿಗಳು ಕೂಡಿ ಪ್ರಾರ್ಥಿಸಿದರಂತೆ! ಆದರೆ ಒಮ್ಮೆ ಆಟದ ನಡುವೆ ಕೆಟ್ಟ ಮಾತಾಡಿದ ಜೊತೆಗಾರನೊಬ್ಬ, ಇವರು ಪಕ್ಕದಲ್ಲಿರುವುದನ್ನು ಕಂಡು ತಾನಾಗಿಯೇ ಕ್ಷಮೆ ಬೇಡಿದನು. ಬೋಧನೆಯಿಲ್ಲದೆ ಕೇವಲ ಸಾನ್ನಿಧ್ಯದಿಂದಲೂ ಮನಸ್ಸು ತಿದ್ದೀತೆಂಬುದು ಅವರಿಗೆ ಅಂದು ಹೊಳೆಯಿತು. ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತ ನಮಗೆ ಇಲ್ಲಿ ದೇಹವನ್ನು ಆತ್ಮದ ಸೆರೆಮನೆಯಾಗಿ ಕಂಡ ಪ್ಲೇಟೋ ನೆನಪಾಗುವುದಿಲ್ಲ. ದೇಹಾತ್ಮಗಳೆರಡೂ ಕೂಡಿಯೇ ಮನುಷ್ಯನೆಂದು ಬೋಧಿಸಿದ ಸಂತ ಥಾಮಸ್ ಅಕ್ವಿನಾಸರು ನೆನಪಾಗುತ್ತಾರೆ.

1890ರಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು. ಚಳಿಗಾಲದಲ್ಲಿ ಒಳಾಂಗಣದ ಕಸರತ್ತಿಗೆ ಬೇಸತ್ತ 18 ತುಂಟ ವಿದ್ಯಾರ್ಥಿಗಳಿಗೆ ಎರಡು ವಾರಗಳೊಳಗೆ ಹೊಸ ಆಟವೊಂದನ್ನು ರೂಪಿಸಬೇಕೆಂದು ಮೇಲಧಿಕಾರಿ ಲೂಥರ್ ಗುಲಿಕ್ ಆಜ್ಞಾಪಿಸಿದರು. ಚೆಂಡು ಹಿಡಿದು ಓಡುವುದರಿಂದಲೇ ನೂಕಾಟ, ಪೆಟ್ಟು. ಆದ್ದರಿಂದ ಓಟವನ್ನೇ ನಿಷೇಧಿಸಿದರು. ಗುರಿ ಎದುರಿಗಿದ್ದರೆ ಬಲವಂತನೇ ಗೆಲ್ಲುವನು. ಆದ್ದರಿಂದ ಅದನ್ನು ತಲೆಯ ಮೇಲೆ 10 ಅಡಿ ಎತ್ತರಕ್ಕೇರಿಸಿದರು. ನಮ್ಮ ಲಗೋರಿಯನ್ನು ಹೋಲುವ, ಕಲ್ಲಿಗೆ ಕಲ್ಲೆಸೆಯುವ ಬಾಲ್ಯದ ಆಟವೊಂದು ಅವರಿಗೆ ಈ ಉಪಾಯವನ್ನು ಸೂಚಿಸಿತ್ತು. 1891ರ ಡಿಸೆಂಬರಿನಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಒಂದು ಫುಟ್‌ಬಾಲ್, 13 ನಿಯಮಗಳೊಂದಿಗೆ ಮೊದಲ ಆಟ ನಡೆಯಿತು. ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಬಾರಿ.

1898ರಲ್ಲಿ ವೈದ್ಯಪದವಿ ಪಡೆದು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದ ಅವರು 1907ರವರೆಗೆ ಅಲ್ಲಿನ ತಂಡದ ತರಬೇತುದಾರರಾಗಿದ್ದರು. ಗೆಲುವು 55, ಸೋಲು 60! ಆ ವಿಶ್ವವಿದ್ಯಾಲಯದ ಪುರುಷರ ತಂಡದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದವರು ಆಟವನ್ನು ಸೃಷ್ಟಿಸಿದ ಇವರೊಬ್ಬರೇ. ಅಂಕಪಟ್ಟಿಯಿಂದಲೇ ಮಕ್ಕಳನ್ನು ತೂಗುವ ನಾವು ಈ ಲೆಕ್ಕವನ್ನು ಎರಡು ಬಾರಿ ಓದಬೇಕು. ಏಕೆಂದರೆ ಅವರ ಕಾಳಜಿ ಶಿಷ್ಯರ ನಡತೆ, ಆರೋಗ್ಯಗಳ ಮೇಲಿತ್ತು. ಶಿಷ್ಯ ಫಾಗ್ ಅಲೆನ್ ಅದೇ ತಂಡವನ್ನು ದಶಕಗಳ ಕಾಲ ವಿಜಯದತ್ತ ನಡೆಸಿದರು.

1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪುವರ್ಣದ ತರುಣನು ಅಲ್ಲಿಗೆ ಓದಲು ಬಂದನು. ವರ್ಣಭೇದದ ಆ ಕಾಲದಲ್ಲಿ ಅವನಿಗೆ ತಂಡದ ಬಾಗಿಲು ಮುಚ್ಚಿತ್ತು. ಎಪ್ಪತ್ತು ದಾಟಿದ್ದ ನೈಸ್ಮಿತ್ ಅವನಿಗೆ ಮಾರ್ಗದರ್ಶಕರಾದರು, ತರಬೇತಿಯ ವಿದ್ಯೆಯನ್ನು ಧಾರೆಯೆರೆದರು, 1936ರಲ್ಲಿ ಪದವಿಯ ದಡ ಮುಟ್ಟಿಸಿದರು. ಅದೇ ವರ್ಷ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಅಧಿಕೃತ ಸ್ಪರ್ಧೆಯಾದುದನ್ನು ಅವರು ಕಣ್ಣಾರೆ ಕಂಡರು. ಅವರ ಪ್ರಯಾಣದ ವೆಚ್ಚಕ್ಕೆ ತರಬೇತುದಾರರು ಹಣ ಕೂಡಿಸಿದ್ದರು.

1939ರ ನವೆಂಬರ್ 28ರಂದು ನೈಸ್ಮಿತ್ ನಿಧನರಾದರು. ತಂಡದಲ್ಲಿ ಆಡಲಾಗದ ಆ ಶಿಷ್ಯರು ಮುಂದೆ ತರಬೇತುದಾರರಾಗಿ 1957, 1958, 1959ರಲ್ಲಿ ಟೆನೆಸ್ಸಿಯ ಕಪ್ಪುವರ್ಣೀಯರ ಕಾಲೇಜೊಂದಕ್ಕೆ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ತಂದರು. ಅವರ ಮರಣಾನಂತರ, 2016ರಲ್ಲಿ, ಸ್ಪ್ರಿಂಗ್‌ಫೀಲ್ಡ್‌ನ ಬಾಸ್ಕೆಟ್‌ಬಾಲ್ ಗೌರವ ಭವನದಲ್ಲಿ ಅವರನ್ನು ತರಬೇತುದಾರರ ಸಾಲಿಗೆ ಸೇರಿಸಲಾಯಿತು. ಆ ಭವನಕ್ಕೆ ನೈಸ್ಮಿತ್ ಅವರದೇ ಹೆಸರಿದೆ.