ಮಾರುತಿ ಎಂಜಿನ್ನಿಗೆ ರೇಸ್ ಕಾರು ಕಟ್ಟಿದ ಕರಿವರ್ಧನ್

ಹೊಸೂರು, ಧರ್ಮಪುರಿ, ಸೇಲಂ ದಾಟಿ ಕೊಯಮತ್ತೂರಿಗೆ ಹೋದರೆ, ಊರಾಚೆ ಚೆಟ್ಟಿಪಾಳೆಯಂನಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಹೆಸರು ಕರಿ ಮೋಟಾರ್ ಸ್ಪೀಡ್‌ವೇ. ಕನ್ನಡಿಗರ ಕಿವಿಗೆ ಕರಿ ಅಂದರೆ ಆನೆ, ಇಲ್ಲವೇ ಕಪ್ಪು. ಆದರೆ ಇದು ಸುಂದರಂ ಕರಿವರ್ಧನ್ ಎಂಬುವರ ಹೆಸರು. ಗೆಳೆಯರಿಗೆಲ್ಲ ಅವರು ಕರಿ.

1954ರಲ್ಲಿ ಹುಟ್ಟಿದ್ದು ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಮನೆತನದಲ್ಲಿ. ಹಣಕ್ಕೆ ಕೊರತೆಯಿರಲಿಲ್ಲ. ಗಿರಣಿ ನೋಡಿಕೊಂಡು ಹಾಯಾಗಿರಬಹುದಿತ್ತು. ಕರಿಗೆ ಹಿಡಿದದ್ದು ಕಾರಿನ ಹುಚ್ಚು.

ಆಗ ದಕ್ಷಿಣದಲ್ಲಿ ರೇಸ್ ಅಂದರೆ ಮದರಾಸಿನ ಬಳಿಯ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇಯೇ ಅಲ್ಲಿನ ಟ್ರ್ಯಾಕ್. ರಾಜಮನೆತನದವರು, ಉದ್ಯಮಿಗಳು ವಿದೇಶಿ ಕಾರು ತರಿಸಿ ಓಡಿಸುತ್ತಿದ್ದರು. ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ಇಳಿಸಿದ್ದರು! ಉಳಿದವರು ಮನೆಯ ಫಿಯಟ್ಟನ್ನೋ ಹೆರಾಲ್ಡನ್ನೋ ತಿದ್ದಿ ತೀಡಿ ತರಬೇಕು. ಯಾರ ಕೈಚಳಕ ಹೆಚ್ಚು ಅನ್ನುವುದಕ್ಕಿಂತ ಯಾರ ಜೇಬು ದೊಡ್ಡದು ಅನ್ನುವುದೇ ಅಲ್ಲಿ ಗೆಲ್ಲುತ್ತಿತ್ತು.

ಕರಿ ಸ್ವತಃ ರೇಸ್ ಓಡಿಸಿದವರು. ಈ ತೊಡಕು ಅವರಿಗೆ ಚೆನ್ನಾಗಿ ಗೊತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂತಲ್ಲ, ಅದರಲ್ಲಿ ಅವರಿಗೆ ದಾರಿ ಕಂಡಿತು. 796 ಸಿಸಿಯ ಪುಟ್ಟ ಎಂಜಿನ್, ಮೂರೇ ಸಿಲಿಂಡರ್. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತಿತ್ತು. ಮಾರುತಿಯಲ್ಲಿ ಅದು ಮುಂದಿದ್ದು ಮುಂದಿನ ಚಕ್ರ ತಿರುಗಿಸುತ್ತದೆ. ಕರಿ ಅದನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದರು. ಸುತ್ತ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ, ಒಂದೇ ಸೀಟು. 1988ರ ಸುಮಾರಿಗೆ ಕೊಯಮತ್ತೂರಿನಲ್ಲೇ ಕೈಯಿಂದ ಕಟ್ಟಿದ ಈ ಕಾರುಗಳಿಗೆ ಫಿಸ್ಮೆ ಎಂದು ಹೆಸರು. ಫಾರ್ಮುಲಾ ಇಂಡಿಯಾ ಸಿಂಗಲ್ ಸೀಟರ್ ಮಾರುತಿ ಎಂಜಿನ್ ಎಂಬುದರ ಚುಟುಕು ರೂಪ. ಜನ ಕರೆದದ್ದು ಫಾರ್ಮುಲಾ ಮಾರುತಿ ಅಂತ.

ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಎಂಜಿನ್. ಇನ್ನು ಗೆಲ್ಲಬೇಕಾದರೆ ಓಡಿಸಲು ಬರಬೇಕು, ಅಷ್ಟೆ. ದುಡ್ಡಿದ್ದವರು ನಮ್ಮಲ್ಲಿ ಬೇಕಾದಷ್ಟು ಜನ. ತನ್ನನ್ನೇ ಸೋಲಿಸಬಲ್ಲ ಕಾರನ್ನು ತಾನೇ ಕಟ್ಟಿ ಇತರರ ಕೈಗೆ ಕೊಡುವವರು ಎಷ್ಟು ಮಂದಿ?

ಆ ಕಾರಿನಲ್ಲಿ ಕೂತ ಹುಡುಗರ ಪೈಕಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಒಬ್ಬರು. ಶ್ರೀಪೆರಂಬುದೂರಿನಲ್ಲಿ ಓಡಿಸಿದ ಮೊದಲ ಫಾರ್ಮುಲಾ ಮಾರುತಿ ರೇಸಿನಲ್ಲೇ ಮೊದಲ ಮೂವರಲ್ಲಿ ಬಂದರು.

ನೆಲದ ವೇಗ ಸಾಲದೆಂಬಂತೆ ಕರಿಗೆ ಹಾರಾಟದ ಗೀಳೂ ಇತ್ತು. 1995ರ ಆಗಸ್ಟ್‌ನಲ್ಲಿ ಲಘು ವಿಮಾನ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 41.

ಚೆಟ್ಟಿಪಾಳೆಯಂನ 2.1 ಕಿಲೋಮೀಟರ್ ಟ್ರ್ಯಾಕಿಗೆ ಅವರ ಹೆಸರಿಟ್ಟದ್ದು ಆಮೇಲೆ. 2005ರಲ್ಲಿ ನಾರಾಯಣ್ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್‌ಗೆ ಇಳಿದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೆಯವರಾಗಿ ಬಂದರು. ಕರಿ ತೀರಿಕೊಂಡು ಆಗ ಹತ್ತು ವರ್ಷವಾಗುತ್ತ ಬಂದಿತ್ತು.